ಗಾಜಿನೊಳಗೆ ಏನೂ ಇಲ್ಲ

ವಿಜ್ಞಾನದ ಮೇಷ್ಟ್ರು ನಾನು. ‘ಇಲ್ಲಿ ಏನೂ ಇಲ್ಲ’ ಅಂತ ನಾನು ಬಾಯಿ ಬಿಟ್ಟಾಗಲೆಲ್ಲ ಏನಾದರೊಂದು ಆಗಿಯೇ ತೀರುತ್ತೆ, ಏನು ಕರ್ಮವೋ!

೧. ಕೋಣೆ

ಕವಲಂದೆ ಕಡೆಯ ನಮ್ಮ ಶಾಲೆಯ ಪ್ರಯೋಗಾಲಯ ಖಾಲಿ ಬಿದ್ದಿದೆ, ಗೋದಾಮು ಮಾಡಿ ಅಂದರು ತಪಾಸಣೆಗೆ ಬಂದ ಸಾಹೇಬರು. “ಒಂದು ಪ್ರಯೋಗ ತೋರಿಸ್ತೀನಿ, ಆಮೇಲೆ ವರದಿ ಬರೀರಿ ಸಾರ್” ಅಂತ ಗೋಗರೆದೆ. ಸೋಮವಾರ ಬರ್ತೀನಿ ಅಂದರು.

ಗುಡಿಸೋಕೆ ಹೇಳಿದರೆ ಆಯಮ್ಮ ಬಾಗಿಲಲ್ಲೇ ನಿಂತಳು.

“ಒಳಗೆ ಏನೂ ಇಲ್ಲ, ಹೋಗಮ್ಮ.”

“ಅದ್ಕೇ ಭಯ ಸಾ. ಏನಾರ ಇದ್ದಿದ್ರೆ ಗುಡಿಸಾಕ್‌ಬುಡ್ತಿದ್ದೆ.”

೨. ಬಸ್ಸು

ನಿರ್ವಾತ ತೋರಿಸುವ ಗಾಜಿನ ಗುಮ್ಮಟ, ಅದರೊಳಗಿನ ಬ್ಯಾಟರಿ ಗಂಟೆ, ಗಾಳಿ ಎಳೆಯುವ ಪಂಪು ಎಲ್ಲವನ್ನೂ ಟಿ. ನರಸೀಪುರದ ಕಾಲೇಜಿನಿಂದ ಎರವಲು ತಂದೆ. ಕರಿಬಟ್ಟೆ ಸುತ್ತಿ ತೊಡೆ ಮೇಲೆ ಇಟ್ಟುಕೊಂಡಿದ್ದೆ. ಬಸ್ಸು ಎಗರಿದಾಗೆಲ್ಲ ಒಳಗಿಂದ ‘ಟಿಣ್’.

“ಏನ್ ಸಾ ಅದು?” ಅಂದ ಕಂಡಕ್ಟರ್.

“ಏನೂ ಇಲ್ಲಪ್ಪ, ಖಾಲಿ.”

ಮತ್ತೊಮ್ಮೆ ‘ಟಿಣ್’.

ಬಸ್ಸು ತುಂಬಿ ತುಳುಕುತ್ತಿತ್ತು. ನನ್ನ ಪಕ್ಕದ ಸೀಟಿಗೆ ಮಾತ್ರ ನಂಜನಗೂಡಿನವರೆಗೂ ಯಾರೂ ಬರಲಿಲ್ಲ.

೩. ಗುಮ್ಮಟ

ಸೋಮವಾರ ಸಾಹೇಬರು ಪೆನ್ನು ಹಿಡಿದೇ ಕೂತರು. ಬಟ್ಟೆ ಮುಚ್ಚಿದ್ದ ಗುಮ್ಮಟದೊಳಗೆ ಗಂಟೆ ಬಾರಿಸುತ್ತಿತ್ತು. ಪಂಪು ಹೊಡೆದೆ. ಸದ್ದು ಸಣ್ಣಗಾಯಿತು, ಕ್ಷೀಣವಾಯಿತು, ಸತ್ತೇಹೋಯಿತು. ಮಕ್ಕಳು ಬೆಂಚು ಹತ್ತಿ ನಿಂತರು.

“ಈಗ ಒಳಗೆ ಗಾಳಿಯೂ ಇಲ್ಲ, ಏನೂ ಇಲ್ಲ!” ಅಂತ ಬಟ್ಟೆ ಎಳೆದೆ.

ಗಂಟೆಯ ಸುತ್ತಿಗೆ ಸದ್ದಿಲ್ಲದೆ ಬಡಿದುಕೊಳ್ಳುತ್ತಿತ್ತು. ಅದರ ಸುತ್ತ ಬೆಳ್ಳಗೆ ಏನೋ ಎದ್ದೆದ್ದು ಕುಣಿಯುತ್ತಿತ್ತು. ಅಕ್ಕಿ ಕಾಳು! ನಾನಂತೂ ಹಾಕಿರಲಿಲ್ಲ. ಸಾಹೇಬರು ಕುರ್ಚಿ ಹಿಂದಕ್ಕೆ ಸರಿಸಿ, ‘ಈ ಕೋಣೆ ಖಾಲಿ ಇಲ್ಲ’ ಎಂದು ಬರೆದು, ಸಹಿ ಹಾಕಿ, ಕಾಫಿಯನ್ನೂ ಕುಡಿಯದೆ ಜೀಪು ಹತ್ತಿದರು.

“ನಾನೇ ಆಕಿದ್ದು ಸಾ” ಅಂದಳು ಆಯಮ್ಮ. “ಸಂಜೆ ವಾಪಸ್ ಕೊಡ್ತೀರಲ್ಲ. ಎರವಲು ತಂದ ಪಾತ್ರೆನ ಯಾರಾದ್ರೂ ಬರಿದಾಗಿ ಕಳಿಸ್ತಾರಾ?”

ಹೋದ ಜೀವ ಬಂತು. ಕಂಪನಕ್ಕೆ ಕಾಳು ಕುಣಿದಿವೆ, ಅಷ್ಟೇ! ಕೋಣೆಯೂ ಉಳಿಯಿತು. ಹೊಟ್ಟೆ ಹಿಡಿದುಕೊಂಡು ನಕ್ಕೆ.

ಆಯಮ್ಮ ನಗಲಿಲ್ಲ. ಗಾಜಿಗೆ ಮೂಗು ಒತ್ತಿ ನೋಡುತ್ತಿದ್ದಳು.

“ಸಾ, ನಾನು ಎರಡು ಮುಷ್ಟಿ ಆಕಿದ್ದೆ. ಈಗ ಒಂದೇ ಮುಷ್ಟಿ ಅದೆಯಲ್ಲಾ?”