ಮೂರು ಕೊಟೇಶನ್ನು, ಒಂದು ಲ್ಯಾಂಡ್‌ಲೈನು

ಮೂರು ಕೊಟೇಶನ್ ಇಲ್ಲದೆ ನಾನು ಒಂದು ಗುಂಡುಸೂಜಿಯನ್ನೂ ಕೊಂಡವನಲ್ಲ! ಇದು ಬಡಾಯಿಯಲ್ಲ, ದಾಖಲೆ. ಹಾರೋಹಳ್ಳಿಯ ಕಾರ್ಖಾನೆಯೊಂದರ ಪರ್ಚೇಸ್ ಸೆಕ್ಷನ್ನಿನಲ್ಲಿ ಒಂಬತ್ತು ವರ್ಷದಿಂದ ಕೂತಿದ್ದೇನೆ. ನಟ್ಟು, ಬೋಲ್ಟು, ಗ್ರೀಸು, ಕ್ಯಾಂಟೀನಿನ ಸೌಟು, ಏನೇ ಬೇಕಾಗಲಿ, ಮೂರು ಕಡೆಯಿಂದ ದರ ತರಿಸಿ, ಪಕ್ಕಪಕ್ಕ ಬರೆದು, ಅಳೆದು ತೂಗಿ, ಆಮೇಲೇ ಸಹಿ. ಆ ಪಟ್ಟಿಗೆ ನಮ್ಮಲ್ಲಿ ಕಂಪ್ಯಾರಿಟಿವ್ ಸ್ಟೇಟ್‌ಮೆಂಟ್ ಎನ್ನುತ್ತಾರೆ. ನನ್ನ ಪಟ್ಟಿಯ ಅಂದ ನೋಡಿ ನಮ್ಮ ಮ್ಯಾನೇಜರು ಒಮ್ಮೆ, "ದೇವರಾಜು, ಹೆಣ್ಣು ನೋಡೋಕೆ ಹೋದಾಗ್ಲೂ ಹಿಂಗೇ ಬರ್ಕೊಂಡಿದ್ಯೇನಯ್ಯಾ?" ಎಂದಿದ್ದರು. ಅದನ್ನು ಹೆಮ್ಮೆಯಿಂದ ಮನೆಯಲ್ಲಿ ಹೇಳಿದೆ.

"ಬರ್ಕೊಂಡಿದ್ರೆ ಚೆನ್ನಾಗಿತ್ತು. ನಾನಾದ್ರೂ ತಪ್ಪಿಸ್ಕೋತಿದ್ದೆ" ಎಂದಳು ಸೌಮ್ಯ, ನನ್ನ ಹೆಂಡತಿ.

ಇಂಥ ನಾನು ಕಳೆದ ವರ್ಷ, ಅಂದರೆ ಎರಡು ಸಾವಿರದ ಎಂಟರ ಬೇಸಿಗೆಯಲ್ಲಿ, ಕನಕಪುರದ ನಮ್ಮ ಮನೆಯ ಇಂಟರ್ನೆಟ್ಟನ್ನು ಬದಲಾಯಿಸುವ ಮಹಾ ಸಂಕಲ್ಪ ಮಾಡಿದೆ. ಕಾರಣ ಮಗಳು ಧನುಶ್ರೀಯ ಎಸ್ಸೆಸ್ಸೆಲ್ಸಿ ರಿಸಲ್ಟು. ಲ್ಯಾಂಡ್‌ಲೈನಿನ ಜೊತೆಗೆ ಬಂದಿದ್ದ ಹಳೇ ಕನೆಕ್ಷನ್ನಿನಲ್ಲಿ ನಾವೆಲ್ಲ ಕಂಪ್ಯೂಟರಿನ ಮುಂದೆ ಉಸಿರು ಹಿಡಿದು ಕೂತಿದ್ದೆವು. ಪರದೆಯ ಮೇಲೆ ಮರಳುಗಡಿಯಾರ ತಿರುಗಿತು, ತಿರುಗಿತು, ತಿರುಗುತ್ತಲೇ ಇತ್ತು. ಅಷ್ಟರಲ್ಲಿ ಪಕ್ಕದ ಮನೆ ಮಾರಕ್ಕ ಸ್ಕೂಲಿನ ಬೋರ್ಡನ್ನೇ ನೋಡಿಕೊಂಡು, ತರಕಾರಿಯನ್ನೂ ಕೊಂಡುಕೊಂಡು ಬಂದು, "ನಿಮ್ಮುಡ್ಗಿ ಫಸ್ಟ್ ಕ್ಲಾಸು ಕಣ್ರಪ್ಪಾ!" ಎಂದು ಕೂಗಿ, ನಮ್ಮ ಡಬ್ಬಿಯ ಸಕ್ಕರೆಯನ್ನೇ ನಮ್ಮ ಬಾಯಿಗೆ ಹಾಕಿದಳು. ಆಗಲೂ ಮರಳುಗಡಿಯಾರ ತಿರುಗುತ್ತಿತ್ತು!

ಮುಂದಿನದನ್ನು ಹೇಳುವ ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ಗೊತ್ತಿಲ್ಲದೆ ನೀವು ಪೂರ್ತಿ ನಕ್ಕುಬಿಟ್ಟರೆ ಆಮೇಲೆ ನಿಮಗೇ ಬೇಜಾರಾಗುತ್ತದೆ.

ನನಗೊಬ್ಬ ತಮ್ಮನಿದ್ದಾನೆ. ನಮ್ಮ ಕಡೆಯ ಕಬ್ಬಾಳು ಬೆಟ್ಟದ ದೇವತೆ ಕಬ್ಬಾಳಮ್ಮನಿಗೆ ಹರಕೆ ಹೊತ್ತ ಮೇಲೆ ಹುಟ್ಟಿದವನು, ಅದಕ್ಕೇ ಹೆಸರು ಕಬ್ಬಾಳಯ್ಯ. ನಮ್ಮ ಪಾಲಿಗೆ ಕಬ್ಬಾಳ. ಅವನಿಗೆ ನಮ್ಮ ಕಾರ್ಖಾನೆಯಲ್ಲೇ ಕೆಲಸ ಕೊಡಿಸಿದ್ದೆ. ಹನ್ನೊಂದನೇ ದಿನ ಮಿಷನ್ ಬಿಟ್ಟು ಎದ್ದು ಬಂದು, "ಒಳ್ಗೆ ಉಸ್ರು ಕಟ್ತದೆ ಕಣಣ್ಣ, ನಾನ್ ಲಾರಿ ಓಡುಸ್ತೀನಿ" ಎಂದ. ಅವನಿಗಾಗಿ ಎಷ್ಟು ಜನರ ಕೈಕಾಲು ಹಿಡಿದಿದ್ದೆ! ಗೇಟಿನ ಮುಂದೆ, ಸೆಕ್ಯೂರಿಟಿಯವರ ಎದುರಿಗೆ, ಶಿಫ್ಟ್ ಮುಗಿಸಿ ನಿಂತಿದ್ದ ಅಷ್ಟೂ ಜನರ ಎದುರಿಗೆ ಕೆನ್ನೆಗೆ ಬಾರಿಸಿದೆ. ಕನಕಪುರದ ಬಸ್ಸು ಬಂತು, ನಾನು ಹತ್ತಿದೆ. ಎದುರು ಬದಿಯಲ್ಲಿ ಇನ್ನೊಂದು ಬಸ್ಸು ಬಂತು, ಅವನು ಹತ್ತಿದ. ಅಷ್ಟೇ. ಮನೆಗೆ ಬಂದು, "ಇನ್ಮೇಲೆ ಈ ಮನೇಲಿ ಅವನ ಹೆಸರು ಎತ್ತಂಗಿಲ್ಲ" ಎಂದು ಘೋಷಣೆಯನ್ನೂ ಹೊರಡಿಸಿದೆ. ಘೋಷಣೆ ಹೊರಡಿಸುವುದರಲ್ಲಿ ನಾನು ಎತ್ತಿದ ಕೈ.

ಆದರೆ ಆ ಕಬ್ಬಾಳ ವರ್ಷಕ್ಕೊಂದು ಸಲ, ಮಹಾಲಯ ಅಮಾವಾಸ್ಯೆಯ ದಿನ, ಯಾವುದೋ ಊರಿನ ಕಾಯಿನ್ ಬೂತಿನಿಂದ ನಮ್ಮ ಲ್ಯಾಂಡ್‌ಲೈನಿಗೆ ಫೋನು ಮಾಡುತ್ತಿದ್ದ. ಅವತ್ತು ತೀರಿಹೋದ ಅಪ್ಪ ರಾಮಲಿಂಗಯ್ಯನವರ ಹೆಸರಲ್ಲಿ ನಡುಮನೆಯಲ್ಲಿ ಎಡೆ ಇಟ್ಟು, ಹಿರಿಯರು ಬಂದು ಉಂಡುಹೋಗಲಿ ಎಂದು ಬಾಗಿಲು ಮುಚ್ಚಿ, ನಾವೆಲ್ಲ ಹೊರಗೆ ನಿಲ್ಲುವುದು ಪದ್ಧತಿ. ನಾನು ಆ ಹೊತ್ತಿಗೆ ಮಹಡಿ ಹತ್ತಿ ಕಾಗೆ ಕರೆಯುತ್ತಾ ಇರುತ್ತೇನೆ. ಅದು ತಮ್ಮನಿಗೆ ಗೊತ್ತು. ಸರಿಯಾಗಿ ಆ ಹದಿನೈದು ನಿಮಿಷದಲ್ಲಿ ಒಳಗೆ ಫೋನು ಬಡಿದುಕೊಳ್ಳುತ್ತಿತ್ತು. ಹಿರಿಯರು ಉಣ್ಣುವಾಗ ಬಾಗಿಲು ತೆಗೆಯಬಾರದು. ನನ್ನ ಅವ್ವ ಬೋರಮ್ಮ ಆರು ವರ್ಷ ತೆಗೆದಿದ್ದಳು.

"ಎಡೆ ಇಟ್ರಾ ಅವ್ವ?"

"ಇಟ್ಟೆ ಕಣ್ ಮಗ. ನೀನ್ ಉಂಡ್ಯಾ?"

"ಉಂಡೆ."

ಇಷ್ಟೇ ಮಾತು. ಇದು ಸೌಮ್ಯಳಿಗೆ ಗೊತ್ತಿತ್ತು. ನನಗೆ ಮಾತ್ರ ಹೇಳಕೂಡದೆಂದು ಅವ್ವ ಕಬ್ಬಾಳಮ್ಮನ ಮೇಲೆ ಆಣೆ ಹಾಕಿಸಿಕೊಂಡಿದ್ದಳು. ನಾನು ಮಹಡಿಯ ಮೇಲೆ ಕಾಗೆಗಳ ಜೊತೆ ನಿಶ್ಚಿಂತೆಯಾಗಿದ್ದೆ.

ಸರಿ, ಮೂರು ಕೊಟೇಶನ್ ಬಂದವು. ಒಂದು ಕಂಪ್ಯೂಟರಿಗೆ ಚುಚ್ಚುವ ಡೇಟಾ ಕಾರ್ಡು. ಇನ್ನೊಂದು ಮಹಡಿಯ ಮೇಲೆ ಆಂಟೆನಾ ನೆಡುವ ಕಂಪನಿ. ಮೂರನೆಯದು ನಮ್ಮ ಬೀದಿಗೆಲ್ಲ ಟೀವಿ ಕೇಬಲ್ ಕೊಡುವ ಜಬ್ಬಾರ್. "ನಮ್ದು ಕೇಬಲ್ ನೆಟ್ಟು ಸಾರ್! ನೀವ್ ಕಣ್ಣು ಮಿಟುಕ್ಸೋದೇ ಲೇಟು" ಎಂದ. ವೇಗ, ದರ, ಮಿತಿ, ರಿಪೇರಿ ಎಂದು ಏಳು ಕಾಲಮ್ಮಿನ ಪಟ್ಟಿ ಮಾಡಿದೆ. ನಡುಮನೆಯಲ್ಲಿ ಖರೀದಿ ಸಮಿತಿಯ ಸಭೆ ಕರೆದೆ. ಅಧ್ಯಕ್ಷ ನಾನು. ಸದಸ್ಯರು ಸೌಮ್ಯ ಮತ್ತು ಅವ್ವ. ಸದಸ್ಯರು ಸೊಪ್ಪು ಬಿಡಿಸುತ್ತಿದ್ದರು.

"ಜಬ್ಬಾರ್ ಗೆದ್ದಿದ್ದಾನೆ. ಇನ್ನು ಈ ಲ್ಯಾಂಡ್‌ಲೈನ್ ಯಾಕೆ? ಇಬ್ಬರ ಹತ್ರ ಮೊಬೈಲ್ ಇದೆ. ವಾಪಸ್ ಕೊಟ್ಟುಬಿಡೋಣ" ಎಂದೆ.

ಸೊಪ್ಪು ಬಿಡಿಸುವ ಕೈಗಳು ನಿಂತವು.

"ಇಂಟರ್ನೆಟ್ ಏನಾರ ಮಾಡ್ಕಳಿ. ಫೋನ್ ನಂಬರ್ ಮಾತ್ರ ಹೋಗ್ಬಾರ್ದು" ಎಂದಳು ಸೌಮ್ಯ.

"ಕಾರಣ?"

ಅವಳು ಅವ್ವನ ಮುಖ ನೋಡಿದಳು. ಅವ್ವ ಸೊಪ್ಪು ನೋಡಿದಳು.

"ಕಾರಣ ಗೀರಣ ಏನಿಲ್ಲ. ಹೋಗ್ಬಾರ್ದು ಅಷ್ಟೇಯ."

"ಅದು ಅಲ್ಲೇ ಬಿದ್ದಿರ್ಲಿ ಬುಡ್ಲಾ ಮಗ. ಯಾರಾರ ಹಳಬ್ರು ಮಾಡ್ತಾರೆ" ಎಂದಳು ಅವ್ವ.

"ಯಾವ ಹಳಬರು? ಹೆಸರು ಹೇಳು, ಕಾಲಮ್ಮಿಗೆ ಹಾಕ್ತೀನಿ."

ಅವ್ವ ಎದ್ದು ಒಳಗೆ ಹೋದಳು. ನಾನು ಕೆಂಪು ಶಾಯಿಯಲ್ಲಿ ಷರಾ ಬರೆದೆ: "ಕಾರಣವಿಲ್ಲದ ಆಕ್ಷೇಪಣೆ. ತಿರಸ್ಕರಿಸಲಾಗಿದೆ." ಸಹಿ, ದಿನಾಂಕ. ಮರುದಿನವೇ ಟೆಲಿಫೋನ್ ಆಫೀಸಿಗೆ ಹೋಗಿ, ಸ್ವಂತ ಇಚ್ಛೆಯಿಂದ ನಂಬರು ಬಿಟ್ಟುಕೊಡುತ್ತಿದ್ದೇನೆಂದು ಬರೆದುಕೊಟ್ಟು, ಫೋನನ್ನೂ ಒಪ್ಪಿಸಿ ಬಂದೆ. ಅಪ್ಪನ ಫೋಟೋದ ಕೆಳಗೆ ಸ್ಟೂಲು ಮಾತ್ರ ಉಳಿಯಿತು. ಅದರ ಮೇಲಿನ ಕಸೂತಿ ಬಟ್ಟೆಯನ್ನು ಅವ್ವ ವಾರಕ್ಕೊಮ್ಮೆ ಒಗೆದು ಮತ್ತೆ ಅಲ್ಲೇ ಹಾಸುತ್ತಿದ್ದಳು. ನಾನು ಅದನ್ನು ಶುಚಿತ್ವ ಎಂದುಕೊಂಡೆ.

ಜಬ್ಬಾರನ ನೆಟ್ಟು ಬಂತು. ಏನು ವೇಗ! ಮೂರು ದಿನ ಇತ್ತು. ನಾಲ್ಕನೇ ದಿನ ಸತ್ತಿತು. ಪತ್ತೆ ಮಾಡಿದರೆ, ಕಂಬದಿಂದ ಬರುವ ಕೇಬಲ್ಲು ಮಾರಕ್ಕನ ಮಹಡಿಯ ಮೇಲೆ ಹಾದುಬರುತ್ತದೆ. ಮಾರಕ್ಕ ಅದನ್ನು ದೇವರೇ ಕಟ್ಟಿಕೊಟ್ಟ ಬಟ್ಟೆಯ ಹಗ್ಗವೆಂದು ತಿಳಿದು ಒದ್ದೆ ಸೀರೆ ಹರವಿದ್ದಳು. ಸೀರೆ ಹರವಿದರೆ ಕೇಬಲ್ಲು ಜಗ್ಗುತ್ತದೆ, ಜಗ್ಗಿದರೆ ಜಾಯಿಂಟು ಬಿಡುತ್ತದೆ.

"ಮಾರಕ್ಕಾ, ಅದು ಇಂಟರ್ನೆಟ್ಟು!"

"ಇರ್ಲಿ ಬುಡಪ್ಪ, ನಾನೇನ್ ಅದ್ನ ಹೊತ್ಕೊಂಡ್ ಹೋದ್ನಾ? ಒಣಗಿದ್ ಮೇಲೆ ತಕ್ಕೋತೀನಿ."

ಒಂದು ದಿನಕ್ಕೆ ಮುಗಿಯಲಿಲ್ಲ. ಅವಳ ಮಗಳು ಬಾಣಂತನಕ್ಕೆ ಬಂದಳು! ಬೆಳಗಿನಿಂದ ಸಂಜೆವರೆಗೆ ಕೇಬಲ್ಲಿನ ಮೇಲೆ ಮಗುವಿನ ಬಟ್ಟೆಗಳ ಮೆರವಣಿಗೆ. ಜಬ್ಬಾರನಿಗೆ ಫೋನು ಮಾಡಿ ಕಿರುಚಿದೆ. ಅವನು ಸಮಾಧಾನವಾಗಿ, "ಸಾರ್, ಬಾಣಂತಿಗೆ ಬೈಯೋಕಾಗ್ತದಾ? ಮಗು ಒಸಿ ದೊಡ್ಡದಾಗ್ಲಿ, ಸ್ಪೀಡ್ ತಾನೇ ಬರ್ತದೆ" ಎಂದ. ಏಳು ಕಾಲಮ್ಮಿನ ನನ್ನ ಪಟ್ಟಿಯಲ್ಲಿ ಬಾಣಂತಿಗೊಂದು ಕಾಲಮ್ಮಿರಲಿಲ್ಲ.

ಇನ್ನೊಂದು ಕಾಲಮ್ಮೂ ಇರಲಿಲ್ಲ ಎಂಬುದು ಗೊತ್ತಾದದ್ದು ಮಹಾಲಯ ಅಮಾವಾಸ್ಯೆಯ ದಿನ.

ಎಡೆ ಇಟ್ಟೆವು, ಬಾಗಿಲು ಮುಚ್ಚಿದೆವು, ನಾನು ಮಹಡಿ ಹತ್ತಿದೆ. ಕಾಗೆ ಬೇಗನೆ ಬಂತು. ಇಳಿದು ಬಂದು ನೋಡಿದರೆ ಅವ್ವ ಮುಚ್ಚಿದ ಬಾಗಿಲಿಗೆ ಕಿವಿಯಿಟ್ಟು ನಿಂತಿದ್ದಾಳೆ.

"ಏನವ್ವ, ಅಪ್ಪ ಮುದ್ದೆ ನುಂಗೋ ಸದ್ದು ಕೇಳುಸ್ತದಾ?" ಎಂದು ನಕ್ಕೆ.

ಅವ್ವ ತಿರುಗಲಿಲ್ಲ. ಸೌಮ್ಯ ಸೆರಗು ಬಾಯಿಗೆ ಒತ್ತಿಕೊಂಡಿದ್ದವಳು ತಡೆಯಲಾರದೆ ಬಿಕ್ಕಿದಳು. "ನಗ್ತೀರಾ? ಆಣೆ ಮುರುದ್ರೆ ಮುರೀಲಿ. ಮೈದ ಫೋನ್ ಮಾಡೋ ಹೊತ್ತು ಇದು. ಆರು ವರ್ಷದಿಂದ ಮಾಡ್ತಿದ್ದ. ಆ ನಂಬರ್‌ಗೆ!" ಎಂದಳು. ಎಲ್ಲವನ್ನೂ ಹೇಳಿದಳು.

ನನ್ನ ಕೈಯಲ್ಲಿ ಕಾಗೆ ತಿಂದುಹೋದ ಎಲೆಯಿತ್ತು. ಅದನ್ನು ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ. ಮೊಬೈಲ್ ತೆಗೆದು ನಮ್ಮದೇ ಹಳೇ ನಂಬರಿಗೆ ಮಾಡಿದೆ. ಒಬ್ಬ ಹೆಂಗಸು ಬಹಳ ಮರ್ಯಾದೆಯಿಂದ, ನೀವು ಕರೆ ಮಾಡಿದ ಸಂಖ್ಯೆ ಅಸ್ತಿತ್ವದಲ್ಲಿಲ್ಲ ಎಂದಳು.

"ಕೊಡಿಲ್ಲಿ" ಎಂದು ಅವ್ವ ಇಸಿದುಕೊಂಡು ಕಿವಿಗಿಟ್ಟಳು. ಪೂರ್ತಿ ಕೇಳಿದಳು. "ಅಸ್ತಿತ್ವ ಅಂದ್ರೇನ್ಲಾ?"

"ಇಲ್ಲ ಅಂತ ಅವ್ವ."

"ಫೋನ್ ಇಲ್ಲ ಅಂತಾಳಾ, ನಾವಿಲ್ಲ ಅಂತಾಳಾ?"

ಅವ್ವ ಅವತ್ತು ಉಣ್ಣಲಿಲ್ಲ. ತಮ್ಮ ಉಂಡೆ ಎಂದ ಮೇಲೇ ಅವಳು ಉಣ್ಣುತ್ತಿದ್ದದ್ದಂತೆ. ಅದೂ ನನಗೆ ಗೊತ್ತಿರಲಿಲ್ಲ.

ಮಧ್ಯಾಹ್ನ ಅವ್ವ ಕಂಪ್ಯೂಟರಿನ ಪಕ್ಕ ಬಂದು ಕೂತು, "ಜಗತ್ತೆಲ್ಲ ಸಿಕ್ತದೆ ಅಂತಿದ್ಯಲ್ಲ. ಕಬ್ಬಾಳ ಸಿಕ್ತಾನಾ ನೋಡ್ಲಾ" ಎಂದಳು. ವಿಷಯ ತಿಳಿದ ಮಾರಕ್ಕ ಹೇಳದೆಯೇ ಮಗುವಿನ ಬಟ್ಟೆಗಳನ್ನೆಲ್ಲ ಕೇಬಲ್ಲಿನಿಂದ ತೆಗೆದಿದ್ದಳು. ನೆಟ್ಟು ಹೊಳೆಯಂತೆ ಹರಿಯಿತು. ತಮ್ಮನ ಹೆಸರನ್ನು ಆರು ವರ್ಷದ ಮೇಲೆ ಮೊದಲ ಸಲ ಬರೆದೆ, ಅದೂ ಇಂಗ್ಲಿಷಿನಲ್ಲಿ. ಯಾವುದೋ ದೂರದೇಶದ ಅಧ್ಯಾತ್ಮಕ್ಕೂ ಹೆಚ್ಚುಕಡಿಮೆ ಅದೇ ಹೆಸರಂತೆ. ಉದ್ದ ಗಡ್ಡದ ಹಿರಿಯರ ಚಿತ್ರಗಳು ಸಾಲುಸಾಲಾಗಿ ಬಂದವು. ಅವ್ವ ಒಬ್ಬೊಬ್ಬರನ್ನೂ ಬಗ್ಗಿ ನೋಡಿದಳು.

"ಇವ್ನಲ್ಲ. ಇವ್ನೂ ಅಲ್ಲ. ಬುಟ್ರೂ ಅವ್ನಿಗೆ ಇಷ್ಟೊಂದ್ ಗಡ್ಡ ಬರಕಿಲ್ಲ."

ಕೊನೆಗೆ ಕಬ್ಬಾಳು ಬೆಟ್ಟದ ಒಂದು ಚಿತ್ರ ಬಂತು. "ಇದು ನಮ್ದು!" ಎಂದು ಅವ್ವ ಪರದೆಗೆ ಕೈಮುಗಿದು, ಆ ಕೈಯನ್ನು ಕಣ್ಣಿಗೊತ್ತಿಕೊಂಡು ಎದ್ದುಹೋದಳು. ನಾನು ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತೆ.

ಮರುದಿನ ಕಾರ್ಖಾನೆಗೆ ರಜೆ ಹಾಕಿ ಟೆಲಿಫೋನ್ ಆಫೀಸಿಗೆ ಓಡಿದೆ. ಅಧಿಕಾರಿಗಳು ನಿವೃತ್ತಿಯ ಅಂಚಿನಲ್ಲಿದ್ದವರು. ನಂಬರು ಇನ್ನೂ ಯಾರಿಗೂ ಹೋಗಿರಲಿಲ್ಲ.

"ಅದೇ ನಂಬರೇ ಬೇಕು ಅಂದ್ರೆ ಅರ್ಜಿ ಕೊಡಿ. ಕಾರಣ ಬರೀಬೇಕು" ಎಂದರು.

ಕಾರಣ! ಮೊದಲು, "ಕೌಟುಂಬಿಕ ಅನುಕೂಲಕ್ಕಾಗಿ" ಎಂದು ಬರೆದೆ. ಹರಿದೆ. "ಬಂಧುಗಳ ಸಂಪರ್ಕಾರ್ಥ" ಎಂದು ಬರೆದೆ. ಅದನ್ನೂ ಹರಿದೆ. ಮೂರನೆಯ ಹಾಳೆಯಲ್ಲಿ, "ನಾನು ನನ್ನ ತಮ್ಮನಿಗೆ ಎಲ್ಲರೆದುರು ಹೊಡೆದೆ. ಅವನಿಗೆ ಗೊತ್ತಿರುವುದು ಈ ನಂಬರು ಮಾತ್ರ" ಎಂದು ಬರೆದುಕೊಟ್ಟೆ. ಅವರು ಎರಡು ಸಲ ಓದಿ, ಕನ್ನಡಕ ತೆಗೆದು ಒರೆಸಿ, ಸಹಿ ಹಾಕಿದರು.

ಕಾರ್ತಿಕ ಮಾಸದಲ್ಲಿ ಫೋನು ಸ್ಟೂಲಿಗೆ ಮರಳಿತು. ಅಂದಿನಿಂದ ಬೆಳಿಗ್ಗೆ ಬಸ್ಸಿಗೆ ಹೋಗುವ ಮೊದಲು ರಿಸೀವರ್ ಎತ್ತಿ, ಕುಂಯ್ ಎನ್ನುವ ಸದ್ದು ಕೇಳಿಯೇ ಹೊರಡುತ್ತೇನೆ. ಗುಡೇಮಾರನಹಳ್ಳಿಯ ಸೋದರಮಾವನ ಮನೆಗೆ ಹೋಗಿ ವಿಚಾರಿಸಿದೆ, ಲಾರಿ ಸ್ಟ್ಯಾಂಡುಗಳಲ್ಲಿ ಕೇಳಿದೆ. ಸುದ್ದಿಯಿಲ್ಲ. ಇಡೀ ವರ್ಷ ಕಾಯುವುದೊಂದೇ ಉಳಿಯಿತು.

ಈ ವರ್ಷದ ಅಮಾವಾಸ್ಯೆ ಬಂತು. ಎಡೆ ಇಟ್ಟು ಬಾಗಿಲು ಮುಚ್ಚಿದೆವು. ನಾನು ಬೇಕೆಂದೇ ಮಹಡಿ ಹತ್ತಿದೆ. ನಾನು ಕಾಗೆಯ ಹತ್ತಿರ ಇದ್ದರೆ ತಾನೇ ಅವನು ಮಾಡುವುದು? ಬೀದಿಗೆಲ್ಲ ಕೇಳುವಂತೆ "ಕಾ ಕಾ" ಎಂದು ಕೂಗಿದೆ. ಎಲ್ಲಿದ್ದರೂ ಅವನಿಗೆ ಕೇಳಲಿ ಎಂಬಂತೆ ಕೂಗಿದೆ. ಪಕ್ಕದ ಮಹಡಿಯಲ್ಲಿ ಮಾರಕ್ಕ ಮೊಮ್ಮಗುವನ್ನು ಎತ್ತಿಕೊಂಡು ನನ್ನನ್ನೇ ನೋಡುತ್ತಿದ್ದಳು.

ಒಳಗೆ ಫೋನು ಬಡಿದುಕೊಂಡಿತು!

ಮೆಟ್ಟಿಲನ್ನು ಎರಡೆರಡಾಗಿ ಹಾರಿ ಇಳಿದೆ. ಬಾಗಿಲ ಮುಂದೆ ಅವ್ವ, ಸೌಮ್ಯ, ಧನು ಕಲ್ಲಾಗಿ ನಿಂತಿದ್ದರು.

"ಹೋಗವ್ವ, ಎತ್ತು!"

"ನೀನೇ ಎತ್ಲಾ" ಎಂದಳು ಅವ್ವ.

"ನನ್ ದನಿ ಕೇಳುದ್ರೆ ಇಟ್ಬುಡ್ತಾನೆ ಕಣವ್ವ."

"ಇಡ್ಲಿ. ಕೇಳಿ ಇಡ್ಲಿ. ಹೋಗು, ನಿಮ್ಮಪ್ಪ ಏನೂ ಅನ್ಕಳಕಿಲ್ಲ."

ಬಾಗಿಲು ತೆಗೆದೆ. ಎಡೆಯ ಎಲೆ ತುಳಿಯದಂತೆ ಹಾರಲು ಹೋಗಿ ಸ್ಟೂಲಿಗೆ ಮೊಣಕಾಲು ಬಡಿಸಿಕೊಂಡೆ. ಅಪ್ಪ ಫೋಟೋದಿಂದ ನೋಡುತ್ತಿದ್ದರು. ಎರಡೂ ಕೈಯಲ್ಲಿ ರಿಸೀವರ್ ಹಿಡಿದೆ.

"ಕಬ್ಬಾಳ... ಇಡ್ಬೇಡ ಕಣ್ಲಾ. ನಾನು, ಅಣ್ಣ."

ಆ ಕಡೆಯಿಂದ ಒಬ್ಬ ಹುಡುಗಿಯ ಉತ್ಸಾಹದ ದನಿ ಬಂತು. "ನಮಸ್ಕಾರ ಸಾರ್! ನಮ್ಮ ಕಂಪನಿಯ ಹೊಸ ಇಂಟರ್ನೆಟ್ ಪ್ಲಾನ್ ಬಂದಿದೆ. ಇದನ್ನ ತಗೊಂಡ್ರೆ ನಿಮ್ಮ ಹಳೇ ಲ್ಯಾಂಡ್‌ಲೈನ್ ತೆಗೆಸಿಬಿಡಬಹುದು ಸಾರ್!"

"ಬ್ಯಾಡ ಕಣಮ್ಮ" ಎಂದೆ.

"ಯಾಕೆ ಸಾರ್? ಕಾರಣ ತಿಳ್ಕೋಬಹುದಾ?"

ಬಾಗಿಲಲ್ಲಿ ಅವ್ವ ನಿಂತಿದ್ದಳು. ಇನ್ನೂ ಉಂಡಿರಲಿಲ್ಲ.

"ನನ್ ತಮ್ಮ ಫೋನ್ ಮಾಡೋ ಹೊತ್ತು ಕಣ್ ತಾಯಿ" ಎಂದೆ. "ಒಸಿ ಲೈನ್ ಬುಡು."