ಮೂಗಿರುವ ವೈರ್‌ಲೆಸ್

ನಾನು ಸುಳ್ಳು ಹೇಳುವವನಲ್ಲ. ಹೇಳಿದ್ದನ್ನು ಜನ ನಂಬಿಬಿಡುತ್ತಾರೆ, ಅದಕ್ಕೆ ನಾನೇನು ಮಾಡಲಿ? ಸಕಲೇಶಪುರದಲ್ಲಿ ವೈರ್‌ಲೆಸ್ ಸೆಟ್ ಕೂರಿಸುವ ಅಂಗಡಿ ಇಟ್ಟ ಮೇಲಂತೂ ಇಂಥವು ವಾರಕ್ಕೊಂದು. ಹೊಸ ಸೆಟ್ ಕಂಡರೆ ನಮ್ಮ ಕಡೆಯವರಿಗೆ ಮೊದಲು ಹುಟ್ಟುವುದು ಖುಷಿಯಲ್ಲ, ಅನುಮಾನ. ಆ ಅನುಮಾನಕ್ಕೆ ಅಷ್ಟಿಷ್ಟು ಗೊಬ್ಬರ ಹಾಕಿದ್ದೇನೆ, ಅಷ್ಟೇ. ಒಂದೇ ಪಿಕಪ್ಪಿನಲ್ಲಿ ಆದದ್ದನ್ನು ಹೇಳುತ್ತೇನೆ, ಕೇಳಿ.

ಕೆಳಗಿನ ತೂತು

ಹೊಂಗಡಹಳ್ಳದ ಕಡೆ ಒಂದು ಕಾಫಿ ಎಸ್ಟೇಟ್. ಅಲ್ಲಿ ಮೊಬೈಲಿಗೆ ಸಿಗ್ನಲ್ ಬೇಕಾದರೆ ಗುಡ್ಡ ಹತ್ತಬೇಕು, ಗುಡ್ಡದ ಮೇಲೆ ಆನೆ ಇರುತ್ತದೆ. ಆನೆ ಎಲ್ಲಿದೆ ಅಂತ ತಿಳಿಸಲಿಕ್ಕೇ ಸಾವ್ಕಾರ್ರು ಲೈಸೆನ್ಸ್ ಮಾಡಿಸಿ ಬಂಗಲೆಗೊಂದು, ಪಿಕಪ್ಪಿಗೊಂದು ಸೆಟ್ ಹಾಕಿಸಿದರು.

ಸೆಟ್ ನೋಡಿದ್ದೇ ಪಿಕಪ್ ಡ್ರೈವರ್ ಮುಖ ಗಂಟಿಕ್ಕಿದ. ಅದಕ್ಕೆ ಕಾರಣ ಇತ್ತು. ಸ್ವಲ್ಪ ದಿನದ ಹಿಂದೆ ಕುಡಿದು ಗಾಡಿಯನ್ನು ಚರಂಡಿಗೆ ಇಳಿಸಿದ್ದ. "ಇನ್ನೊಂದ್ಸಲ ಕುಡಿದು ಸ್ಟೇರಿಂಗ್ ಮುಟ್ಟಿದ್ಯೋ, ಕೀ ಇಟ್ಟು ಹೋಗ್ತಾ ಇರು" ಅಂದಿದ್ದರು ಸಾವ್ಕಾರ್ರು. ಅವತ್ತೇ ಹೆಂಡತಿಯ ತಲೆ ಮುಟ್ಟಿ ಆಣೆ ಮಾಡಿ ಕುಡಿತ ಬಿಟ್ಟಿದ್ದ. ಬಿಟ್ಟಿದ್ದಾನೆ ಅಂತ ಹೆಂಡತಿ ನಂಬಿದ್ದಳು. ಸಾವ್ಕಾರ್ರು ನಂಬಿರಲಿಲ್ಲ.

ನಾನು ಡ್ಯಾಶ್‌ಬೋರ್ಡ್ ಕೆಳಗೆ ಸೆಟ್ ಬಿಗಿದು, ಬ್ಯಾಟರಿಯಿಂದ ವೈರ್ ಎಳೆದು, ಕ್ಯಾಬಿನ್ ಮೇಲೆ ಆಂಟೆನಾ ನಿಲ್ಲಿಸುವವರೆಗೂ ನನ್ನ ಹಿಂದಿಂದೆಯೇ ಸುತ್ತಿದ.

"ಅಣ್ಣ, ನಿಜ ಹೇಳು. ಇದು ಆನೆಗೆ ಅಂತ ಹಾಕ್ತಿರೋದೋ, ನಂಗೆ ಅಂತ ಹಾಕ್ತಿರೋದೋ?"

"ಆನೆಗೇ ಕಣೋ."

"ಹಂಗಾದ್ರೆ ಮೈಕಿಗೆ ಇಷ್ಟೊಂದು ತೂತು ಯಾಕೆ?"

ನನ್ನ ನಾಲಿಗೆ ಸುಮ್ಮನಿರಬೇಕಲ್ಲ! "ಮೇಲಿನ ತೂತು ಮಾತಿಗೆ, ಕೆಳಗಿನವು ವಾಸನೆಗೆ. ಹೊಸ ಮಾಡೆಲ್ಲು."

"ಹೋಗಣ್ಣ, ನಿಂದೊಂದು" ಅಂತ ನಕ್ಕುಬಿಟ್ಟ. ನಾನು ಸಾಮಾನು ಚೀಲಕ್ಕೆ ತುಂಬಿಕೊಂಡು ತಿರುಗಿ ನೋಡಿದರೆ, ಮೈಕನ್ನು ಮೂಗಿಗೆ ಹಿಡಿದು ಬಂಗಲೆಯಲ್ಲಿ ಇವತ್ತು ಏನು ಸಾರು ಅಂತ ಪತ್ತೆ ಮಾಡುತ್ತಿದ್ದ.

ಬಾಯಿಗೆ ಬೀಗ

ಸೆಟ್ಟಿಗೆ ಎಲ್ಲವೂ ಗೊತ್ತಾಗುತ್ತದೆ ಅಂತ ಅವನು ಲೈನಿನಲ್ಲೆಲ್ಲ ಸಾರಿಬಿಟ್ಟ. ಲೈನು ಅಂದರೆ ಕೆಲಸದವರ ಮನೆಸಾಲು. ಅಲ್ಲಿನ ಹೆಂಗಸರು ದಿನಾ ಪಿಕಪ್ಪಿನ ಹಿಂದೆ ನಿಂತು ಊರ ಸುದ್ದಿಯೆಲ್ಲ ಜರಡಿ ಹಿಡಿಯುತ್ತಾ ತೋಟಕ್ಕೆ ಹೋಗುವವರು, ಒಮ್ಮೆಲೇ ಗಪ್‌ಚಿಪ್. ಈಗ ಅನುಮಾನ ಸಾವ್ಕಾರ್ರಿಗೆ ಶುರುವಾಯಿತು. ನನಗೆ ಹೇಳಿಕಳಿಸಿದರು.

"ಏನಯ್ಯಾ, ಆಳುಗಳು ಕೆಮ್ಮೋದೂ ಇಲ್ಲ. ಸ್ಟ್ರೈಕ್ ಗೀಕ್ ಮಾಡೋ ಅಂದಾಜಾ?"

ಹೋಗಿ ವಿಚಾರಿಸಿದೆ. ಅವರಲ್ಲೇ ಹಿರಿಯಳೊಬ್ಬಳು ನನ್ನನ್ನು ಪಕ್ಕಕ್ಕೆ ಎಳೆದು ಪಿಸುಗುಟ್ಟಿದಳು: "ಇದ್ರಲ್ಲಿ ನಾವಾಡಿದ್ದೆಲ್ಲ ಸಾವ್ಕಾರ್ರಿಗೆ ಕೇಳ್ತದಂತೆ, ಹೌದಾ?"

"ಬಟನ್ ಒತ್ತಿದ್ರೆ ಮಾತ್ರ ಅಜ್ಜಿ."

"ಹಂಗಾದ್ರೆ ಒಂದ್ಸಲ ಒತ್ತು ಮಾರಾಯ. ಮನೆ ಸೋರ್ತಾ ಐತೆ ಅಂತ ಎಷ್ಟು ಮಳೆಗಾಲದಿಂದ ಹೇಳ್ತಾ ಇವ್ನಿ, ಎದುರಿಗೆ ನಿಂತು ಹೇಳಿದ್ರೆ ಅವ್ರಿಗೆ ಕೇಳ್ತಾ ಇಲ್ಲ!"

ಓವರ್

ವೈರ್‌ಲೆಸ್ಸಿನಲ್ಲಿ ಒಬ್ಬರ ಮಾತು ಮುಗಿದ ಮೇಲೆ 'ಓವರ್' ಅನ್ನಬೇಕು, ಆಮೇಲೆ ಇನ್ನೊಬ್ಬರ ಸರದಿ. ಇದನ್ನು ಸಾವ್ಕಾರ್ರಿಗೆ ಬಾಯಿಪಾಠ ಮಾಡಿಸಿದೆ. ಡ್ರೈವರಿಗೆ ಹೇಳುವುದು ಮರೆತುಹೋಯಿತು. ಮರೆತೇ ಹೋಗಿತ್ತು ಅಂತ ಇಟ್ಟುಕೊಳ್ಳಿ. ನಮ್ಮ ಕಡೆ ಓವರ್ ಅನ್ನುವುದಕ್ಕೆ ಒಂದೇ ಅರ್ಥ: ಎಣ್ಣೆ ಜಾಸ್ತಿಯಾಗಿದೆ.

ಅವನು ಕೆ. ಹೊಸಕೋಟೆಯಿಂದ ಗೊಬ್ಬರ ಹೇರಿಕೊಂಡು ಬಂದು ಎಸ್ಟೇಟ್ ಗೇಟು ದಾಟಿದ್ದಷ್ಟೇ. ಬಂಗಲೆಯಲ್ಲಿ ನನ್ನೆದುರಿಗೇ ಸಾವ್ಕಾರ್ರು ಮೈಕ್ ಎತ್ತಿ ಕರೆದರು: "ಎಲ್ಲಿದ್ದೀಯೋ? ಓವರ್."

ಸಾವ್ಕಾರ್ರು ಮತ್ತೆ ಬಟನ್ ಒತ್ತಿದರು.

"ಲೇ, ಕೇಳಿಸ್ತಾ ಇಲ್ವಾ? ಓವರ್!"

ಆ ಕಡೆಯಿಂದ ನಡುಗುವ ದನಿ ಬಂತು: "ಸಾವ್ಕಾರ್ರೇ, ಹೆಂಡ್ತಿ ಆಣೆಗೂ ಓವರ್ ಅಲ್ಲ! ತೊಟ್ಟೂ ಮುಟ್ಟಿಲ್ಲ!"

ಸಾವ್ಕಾರ್ರು ಮೈಕ್ ಕೆಳಗಿಟ್ಟು ನನ್ನ ಕಡೆ ತಿರುಗಿದರು. "ನಾನು ಕೇಳೇ ಇಲ್ಲ. ಕುಡೀದೇ ಇದ್ರೆ ಇವ್ನ್ಯಾಕೆ ಹೇಳ್ತಾನೆ?"

ಆಮೇಲೆ ನಾನೇ ಹೋಗಿ ಓವರ್ ಅಂದರೆ ಏನು ಅಂತ ಅವನಿಗೆ ಬಿಡಿಸಿ ಹೇಳಿದೆ. ತಲೆಯಾಡಿಸಿದ. ಆದರೂ ಇರಲಿ ಅಂತ, ಅವತ್ತಿಂದ ಎರಡು ಏಲಕ್ಕಿ ಬಾಯಿಗೆ ಹಾಕಿಕೊಳ್ಳದೆ ಮೈಕ್ ಮುಟ್ಟುತ್ತಿರಲಿಲ್ಲ.

ಮೂರು

ಕಾಫಿ ಕುಯ್ಲಿನ ಒಂದು ಮಧ್ಯಾಹ್ನ ನಾನು ಬಂಗಲೆಯಲ್ಲಿ ಆಂಟೆನಾ ಸರಿಮಾಡುತ್ತಿದ್ದೆ. ಸೆಟ್ಟಿನಲ್ಲಿ ಡ್ರೈವರ್ ಪಿಸುಗುಟ್ಟಿದ: "ಸಾವ್ಕಾರ್ರೇ... ಮೂರು. ಓವರ್."

"ಮೂರು ಪೆಗ್ಗಿಗೇ ಓವರ್ರಾ? ಹಾಡುಹಗಲಲ್ಲಿ! ಬಂದು ಕೀ ಇಡು!"

"ಬರಕ್ಕಾಗಲ್ಲ. ಕಾಲು ಕಂಬದಂಗೈತೆ, ಅಲ್ಲಾಡ್ತಾ ಐತೆ. ಓವರ್."

"ಅಲ್ಲಾಡ್ದೆ ಇನ್ನೇನು ಮಾಡ್ತದೆ ನಿನ್ ಕಾಲು!"

"ನನ್ ಕಾಲಲ್ಲ, ಆನೆ ಕಾಲು! ಮೂರು ಆನೆ ರೋಡಿಗೆ ಅಡ್ಡ ನಿಂತ್ಬುಟ್ಟವೆ!"

"ಕುಡಿದೋನಿಗೆ ಆನೆ ಏನು, ಐರಾವತನೂ ಕಾಣ್ತದೆ. ಇಳಿ ಗಾಡಿಯಿಂದ. ನಾನೇ ಬಂದು ಕೀ ಇಸ್ಕೊಳ್ತೀನಿ."

"ಹಂಗಾದ್ರೆ ನೀವೇ ಕೇಳ್ಕಳಿ" ಅಂದವನು ಮೈಕನ್ನು ಕಿಟಕಿಯಿಂದ ಆಚೆ ಹಿಡಿದ. ಘೀಳು ಬಂತು ನೋಡಿ! ಗೋಡೆಯ ಗಡಿಯಾರ ಅದುರಿತು. ಬಂಗಲೆಯ ನಾಯಿ ಸಾವ್ಕಾರ್ರ ಲುಂಗಿಯೊಳಗೆ ನುಗ್ಗಿತು. (ನಾಯಿ ನುಗ್ಗಿದ್ದು ನಿಜ. ಗಡಿಯಾರ ಇತ್ತೋ ಇಲ್ಲವೋ ನೆನಪಿಲ್ಲ.)

ಆನೆಗಳು ತಾವಾಗಿಯೇ ತೋಟಕ್ಕೆ ಇಳಿದವು. ಡ್ರೈವರಿಗೆ ಈಗ ಎಲ್ಲಿಲ್ಲದ ಧೈರ್ಯ.

"ಕೇಳಿಸ್ತಾ ಸಾವ್ಕಾರ್ರೇ? ಇನ್ನು ನನ್ ಬಾಯಿನೂ ಒಂದ್ಸಲ ನೋಡ್ಬುಡಿ. ಹಾ..." ಅಂತ ಉದ್ದಕ್ಕೆ ಉಸಿರು ಬಿಟ್ಟ. "ಬಂತಾ ವಾಸ್ನೆ? ಓವರ್."

ನಾನು ಟವೆಲ್ ಬಾಯಿಗೆ ತುರುಕಿಕೊಂಡು ಗೋಡೆ ಕಡೆ ತಿರುಗಿದೆ. ಸಾವ್ಕಾರ್ರು ನಗಲಿಲ್ಲ. ನನ್ನನ್ನೊಮ್ಮೆ ನೋಡಿದರು, ಸೆಟ್ಟನ್ನೊಮ್ಮೆ ನೋಡಿದರು. ನಿಧಾನಕ್ಕೆ ಬಗ್ಗಿ ಸೆಟ್ಟಿಗೆ ಮೂಗು ಹಚ್ಚಿ ಉಸಿರೆಳೆದರು.

"ಏಲಕ್ಕಿ. ಕೀ ನಿನ್ ಹತ್ರಾನೇ ಇರ್ಲಿ ಕಣೋ. ಓವರ್."

ಏಲಕ್ಕಿಯ ವಿಷಯ ನಾನು ಅವರಿಗೆ ಹೇಳಿರಲಿಲ್ಲ. ಡ್ರೈವರನ್ನು ಕೇಳಿದರೆ ಅವನೂ ಹೇಳಿಲ್ಲವಂತೆ. ನಾನು ಅಂಗಡಿಗೆ ಬಂದವನೇ ಶಟರ್ ಅರ್ಧ ಎಳೆದು, ಅದೇ ಮಾಡೆಲ್ಲಿನ ಹೊಸ ಸೆಟ್ಟೊಂದನ್ನು ಡಬ್ಬಿಯಿಂದ ತೆಗೆದು, ಯಾರೂ ನೋಡುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡು, ಮೈಕಿನ ಕೆಳಗಿನ ತೂತಿಗೆ ಮೂಗಿಟ್ಟು ಮೂಸಿದೆ.