ಚುಕ್ಕೆ ಹತ್ತದ ಬೆಟ್ಟ

ರಾಮಕೃಷ್ಣನಗರದ ರುದ್ರಸ್ವಾಮಿಯ ಅವತ್ತಿನ ಊಟ ಒಂದು ನೀಲಿ ಚುಕ್ಕೆಯ ಕೈಯಲ್ಲಿತ್ತು.

ಅವನ ಮಂಡಿನೋವು ವಾಸಿಯಾದರೆ ಮಾದಪ್ಪನ ಬೆಟ್ಟಕ್ಕೆ ನಡೆದು ಬರುವುದಾಗಿ ಗಂಡ ಹೆಂಡತಿ ಹರಕೆ ಹೊತ್ತಿದ್ದರು. ನೋವು ಹೋಯಿತು. ಆದರೆ ನಡೆಯುವ ಮಾತು ಬಂದಾಗ, "ಇನ್ನೂ ಚುಳುಕ್ ಅಂತದೆ ಕಣೇ" ಎಂದು ಅವನು ಮಂಡಿ ಹಿಡಿದುಕೊಂಡ. ಹೆಂಡತಿ ಶಾಂತಾದೇವಿ ಗೆಳತಿ ಬೆಟ್ಟಮ್ಮನ ಜೊತೆ ಹೊರಟಳು. ಅವನ ಪಾಲಿಗೆ ಬಂದದ್ದು ಇಷ್ಟೆ: ಕೊನೆಯ ದಿನ ಅವಳು ಬೆಟ್ಟದ ಮೇಲೆ ಮುಟ್ಟುವವರೆಗೆ ನೀರು ಬಿಟ್ಟು ಬೇರೇನೂ ಬಾಯಿಗೆ ಹಾಕುವಂತಿಲ್ಲ. ಅವಳು ಎಲ್ಲಿದ್ದಾಳೆಂದು ಇವನ ಫೋನಿನ ನಕ್ಷೆಯಲ್ಲಿ ಚುಕ್ಕೆ ತೋರಿಸುತ್ತಿತ್ತು.

ಆ ಕೊನೆಯ ದಿನ ಬೆಳಗ್ಗೆ ಏಳಕ್ಕೆ ಚುಕ್ಕೆ ಬೆಟ್ಟದ ಬುಡದ ತಾಳಬೆಟ್ಟದಲ್ಲಿತ್ತು. ಹನ್ನೊಂದಾದರೂ ಹಬ್ಬಕ್ಕೆ ಬಂದ ನೆಂಟನ ಹಾಗೆ ಅಲ್ಲೇ ಕೂತಿತ್ತು. ಫೋನು ಮಾಡಿದರೆ ಎತ್ತುವವರಿಲ್ಲ.

ಪಕ್ಕದ ಮನೆಯ ಮಂಜುಶ್ರೀ ಒಗ್ಗರಣೆ ಸೌಟು ಹಿಡಿದೇ ಬಂದಳು. "ಆನೆ ಅಡ್ಡ ಬಂದಿರ್ಬೇಕು ಕಣ್ರೀ, ಅಲ್ಲೆಲ್ಲ ಕಾಡು."

ಎದುರುಮನೆ ಮೂಗಯ್ಯ ಕನ್ನಡಕ ಏರಿಸಿದ. "ಬೆರಳಲ್ಲಿ ಎಳ್ದು ದೊಡ್ಡದ್ ಮಾಡಿ ಸ್ವಾಮ್ಯೋರೆ."

"ದೊಡ್ಡದಾದ್ರೆ ಬೇಗ ನಡೀತದೇನ್ರೀ?"

ಎರಡು ಗಂಟೆಗೆ ಒಗ್ಗರಣೆಯ ವಾಸನೆಯೇ ಅವನನ್ನು ಕೆಡವಿತು. ಫೋನನ್ನು ಮೂಗಯ್ಯನ ಕೈಗಿಟ್ಟು, "ಸೋಪು ತರ್ತೀನಿ" ಎಂದವನೇ, ಮೂಲೆಯ ಹೋಟೆಲಿಗೆ ಓಡಿ, ಎರಡು ಮಸಾಲೆ ದೋಸೆ ತಿಂದು, ಮೀಸೆ ಒರೆಸಿಕೊಂಡು ಬಂದ. ಸೋಪು ಮರೆತಿದ್ದ.

"ಚುಕ್ಕೆ ಹೊರಟ್ತು ಸ್ವಾಮ್ಯೋರೆ!"

"ಬೆಟ್ಟಕ್ಕಾ?"

"ಇಲ್ಲ, ಕೊಳ್ಳೇಗಾಲದ ಕಡೆಗೆ! ಬಾಣದಂಗೆ ವಾಪಸ್ ಬತ್ತಾ ಅದೆ!"

ಮಂಜುಶ್ರೀ ಸೌಟಿನ ಸಮೇತ ಕೈಮುಗಿದಳು. "ಮನೇಲಿ ಯಾರೋ ವ್ರತ ಕೆಡಿಸಿರ್ಬೇಕು. ಮಾದಪ್ಪ ಹಿಂದಕ್ಕೆ ಕಳಿಸ್ಬುಟ್ಟ."

ಮನೆಯಲ್ಲಿದ್ದವನು ಅವನೊಬ್ಬನೇ. ಮೀಸೆಯನ್ನು ಇನ್ನೊಮ್ಮೆ ಒರೆಸಿಕೊಂಡ.

ಅಷ್ಟರಲ್ಲಿ ಗೊತ್ತಿಲ್ಲದ ನಂಬರಿನಿಂದ ಫೋನು. ಶಾಂತಾದೇವಿಯ ದನಿ ಕೇಳಿದ್ದೇ ತಡ, ಅವನು ಎಲ್ಲರೆದುರೇ ಬಡಬಡಿಸಿದ: "ತಪ್ಪಾಯ್ತು ಕಣೇ! ಹೋಟೆಲ್‌ಗೆ ಓಡೋಗಿ ಎರಡು ದೋಸೆ ತಿಂದ್ಬುಟ್ಟೆ! ನೀನು ತಿರುಕ್ಕೊಂಡು ಬೆಟ್ಟ ಹತ್ತು!"

"ಏನ್ರೀ ನಿಮ್ದು? ನಾನು ಒಂದು ಗಂಟೆಗೇ ಮೇಲೆ ಬಂದೆ, ದರ್ಶನನೂ ಆಯ್ತು. ಬೆಟ್ಟಮ್ಮನ ಕಾಲು ಊದ್ಕೊಂಡು ಕೆಳಗೇ ಕೂತ್ಬುಟ್ಲು. ನನ್ನ ಚೀಲ, ಸೈಲೆಂಟ್ ಮಾಡಿದ್ ಫೋನು ಅವಳ ಹತ್ರನೇ ಇತ್ತು. ಈಗ ಬಸ್ ಹತ್ಕೊಂಡು ಊರಿಗೆ ಬರ್ತಾವ್ಳೆ."

ರುದ್ರಸ್ವಾಮಿಗೆ ಹೋದ ಜೀವ ಬಂತು. "ನಾನು ತಿಂದಿದ್ದು ಎರಡಕ್ಕೆ! ವ್ರತ ಕೆಟ್ಟಿಲ್ಲ!"

"ಕೆಟ್ಟಿಲ್ಲ ಬಿಡಿ. ಅಲ್ಲಾ, ಓಡೋಗಿ ಅಂದ್ರಲ್ಲ? ಹಂಗಾದ್ರೆ ಮಂಡಿ ಪೂರ್ತಿ ವಾಸಿಯಾಗದೆ. ಮುಂದಿನ ವರ್ಷ ನೀವು ನಡೀರಿ. ಮನೇಲಿ ಕೂತು ಚುಕ್ಕೆ ನಾನು ನೋಡ್ಕೋತೀನಿ."

"ಉಪವಾಸ ನೀನಿರ್ತೀಯಲ್ಲ?" ಎಂದ ಮೆಲ್ಲಗೆ.

"ಅದೂ ನಿಮ್ಮದೇ."